ಬ್ಯಾಂಕಿಗೂ ಬೇಕು ವಕೀಲರು

ವಕೀಲಿ ಎಂದೊಡನೆ ಕಣ್ಣಮುಂದೆ ಬರುವುದು ಕರಿಕೋಟು ಮತ್ತು ಕಕ್ಷಿದಾರರಿಗಾಗಿ ಕಾಯುವ ಮೊದಲ ವರ್ಷಗಳು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಪೋಷಕರು ‘ನಮ್ಮ ಮನೆಯಲ್ಲಿ ಯಾರೂ ವಕೀಲರಿಲ್ಲ, ದಾರಿ ತೋರಿಸುವವರಾರು?’ ಎಂದು ಹಿಂಜರಿಯುವುದು ಸಹಜ. ಆದರೆ ಕಾನೂನು ಓದಿದವರಿಗೆ ಇನ್ನೊಂದು ಬಾಗಿಲೂ ಇದೆ. ಅದು ಬ್ಯಾಂಕಿಂಗ್ ಮತ್ತು ಕಂಪನಿ ಕಾನೂನು.

ವಕೀಲರಿಗೂ ಬ್ಯಾಂಕಿಗೂ ನಂಟು ಹಳೆಯದು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ಸ್ಥಾಪಿಸಿದರು. 1906ರಲ್ಲಿ ಅವರು ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಒಂದು.

ಈ ಕಾನೂನು ದೊಡ್ಡ ಊರುಗಳಿಗಷ್ಟೇ ಸೇರಿದ್ದಲ್ಲ. ನೆಂಟರ ಸಾಲಕ್ಕೆ ಜಾಮೀನು ನಿಂತವರು ‘ಬರೀ ಒಂದು ಸಹಿ ತಾನೇ’ ಎಂದುಕೊಂಡಿರುತ್ತಾರೆ. ಬೇರೆ ಷರತ್ತಿಲ್ಲದಿದ್ದರೆ ಜಾಮೀನುದಾರರ ಹೊಣೆಯೂ ಸಾಲಗಾರರಷ್ಟೇ ಎನ್ನುತ್ತದೆ 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ದಾವೆ ಹೂಡದೆಯೇ ಅಡವಿಟ್ಟ ಮನೆ, ಮಳಿಗೆಗಳ ಮೇಲೆ ಕ್ರಮ ಕೈಗೊಳ್ಳಬಹುದು. ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸದು. ಇಂಥ ವ್ಯತ್ಯಾಸ ಗುರುತಿಸುವುದೇ ಬ್ಯಾಂಕಿನ ಕಾನೂನು ಅಧಿಕಾರಿಯ ಕೆಲಸ. ಒಂದು ಕುಟುಂಬದ ಹೊಲ ಉಳಿಯುವುದೂ ಅದರಿಂದಲೇ ಇರಬಹುದು.

ಪಿಯುಸಿ ನಂತರ ಐದು ವರ್ಷದ, ಪದವಿಯ ನಂತರ ಮೂರು ವರ್ಷದ ಕಾನೂನು ಕೋರ್ಸುಗಳಿವೆ. ಹತ್ತಿರದ ಮೈಸೂರಿನಲ್ಲಿ ಶಾರದಾವಿಲಾಸ, ವಿದ್ಯಾವರ್ಧಕ, ಜೆಎಸ್‌ಎಸ್ ಕಾನೂನು ಕಾಲೇಜುಗಳಿವೆ. ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳು ಐಬಿಪಿಎಸ್ ಪರೀಕ್ಷೆಯ ಮೂಲಕ ಕಾನೂನು ಅಧಿಕಾರಿಗಳನ್ನು ನೇಮಿಸಿಕೊಳ್ಳುತ್ತವೆ. ಕಾನೂನು ಪದವಿಯ ಜೊತೆಗೆ ವಕೀಲರಾಗಿ ನೋಂದಣಿಯೂ ಬೇಕು. ಕಂಪನಿ ವ್ಯವಹಾರದಲ್ಲಿ ಆಸಕ್ತಿಯಿದ್ದರೆ ಕಂಪನಿ ಸೆಕ್ರೆಟರಿ ಪರೀಕ್ಷೆಗಳನ್ನೂ ಬರೆಯಬಹುದು.

ಪಾಠ ಹೇಳುವ ಆಸೆಯಿದ್ದವರು ಎಲ್‌ಎಲ್‌ಎಂ ಮಾಡಿ ನೆಟ್ ಪರೀಕ್ಷೆ ಬರೆಯಲಿ. ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ಸಾಮಾನ್ಯವಾಗಿ ವಕೀಲಿ ನಿಲ್ಲಿಸಬೇಕು. ಆದರೆ ವಕೀಲಿ ಮಾಡುತ್ತಲೇ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಲು 1979ರ ನಿಯಮ ಅವಕಾಶ ಕೊಟ್ಟಿದೆ. ಅಜ್ಜಂದಿರು ಹೇಳುತ್ತಿದ್ದ ‘ಬ್ಯಾರಿಸ್ಟರ್’ ಪದವಿಗೆ ಲಂಡನ್ನಿಗೇ ಹೋಗಬೇಕಿತ್ತು. 1961ರ ವಕೀಲರ ಕಾಯ್ದೆಯ ನಂತರ ಇಲ್ಲಿ ಎಲ್ಲರೂ ಅಡ್ವೊಕೇಟರೇ.

ಕನ್ನಡ ಮಾಧ್ಯಮದಲ್ಲಿ ಓದಿದವರು ಅಳುಕಬೇಕಿಲ್ಲ. ಇಂಗ್ಲಿಷ್ ಕಲಿಯಲೇಬೇಕು, ನಿಜ. ಆದರೆ ಬ್ಯಾಂಕಿನ ಇಂಗ್ಲಿಷ್ ಕಾಗದವನ್ನು ಸಹಿ ಹಾಕುವವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರ ಬೆಲೆಯೇ ಬೇರೆ.

ಈ ಭಾನುವಾರ ಮನೆಯಲ್ಲಿರುವ ಸಾಲದ ಪತ್ರವೊಂದನ್ನು ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತು ಓದಿ. ಪ್ರತಿ ಷರತ್ತಿಗೂ ‘ಇದು ಏಕೆ?’ ಎಂಬ ಪ್ರಶ್ನೆ ಮಗನಿಗೋ ಮಗಳಿಗೋ ಹುಟ್ಟಿದರೆ, ಈ ದಾರಿಯ ಬಗ್ಗೆ ಗಂಭೀರವಾಗಿ ಯೋಚಿಸಬಹುದು.