‘ನಾವೇನು ಕಳ್ಳರಾ?’ ಅನ್ನೋರಿಗೆ



‘ನಾವೇನು ಕಳ್ಳರಾ? ವಾಟ್ಸಾಪ್ ಸಾಕು ಬಿಡಣ್ಣ’ ಅಂದರು ಪೀಣ್ಯದ ಗೆಳೆಯರೊಬ್ಬರು. ಕಳ್ಳರಲ್ಲ. ಆದರೆ ಬಾಡಿಗೆ ಮನೆ ಕೇಳೋಕೆ ಹೋದರೆ ‘ನೀವು ಯಾವ ಜನ?’ ಅನ್ನಿಸಿಕೊಳ್ಳೋರು ನಾವೇ. ವಾಟ್ಸಾಪ್ ಗ್ರೂಪಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಸೂಪರ್‌ವೈಸರ್ ಕಡೆಯವನೊಬ್ಬ ಒಳಗೆ ಬಂದರೆ ಸಾಕು, ಯೂನಿಯನ್ ಪಟ್ಟಿಯೇ ಅವನ ಕೈಲಿ. ಮೆಸೇಜಿಗೆ ಬೀಗ ಇದೆ, ನಿಜ. ಯಾರು ಯಾರ ಜೊತೆ ಇದ್ದಾರೆ ಅನ್ನೋದಕ್ಕೆ ಬೀಗ ಇಲ್ಲ.

ಬ್ರೈಯರ್ ಅನ್ನೋ ಆ್ಯಪ್ ನಂಬರ್ ಕೇಳಲ್ಲ. ನಡುವೆ ಕಂಪನಿಯ ಸರ್ವರ್ ಇಲ್ಲ, ಫೋನಿಂದ ಫೋನಿಗೇ. ನೆಟ್ ಕಡಿದರೂ ಹತ್ತಿರದವರಿಗೆ ಬ್ಲೂಟೂತಲ್ಲಿ ಹೋಗುತ್ತೆ. ಅದನ್ನೇ 2023ರಲ್ಲಿ ಕೇಂದ್ರ ಸರ್ಕಾರ ಇನ್ನೂ 13 ಆ್ಯಪ್‌ಗಳ ಜೊತೆ ಬ್ಲಾಕ್ ಮಾಡಿತು, ಭಯೋತ್ಪಾದನೆ ಹೆಸರಲ್ಲಿ. ಹಾಗಾದರೆ ಗುಟ್ಟಾಗಿ ಮಾತಾಡೋ ಬಡವರೆಲ್ಲ ಭಯೋತ್ಪಾದಕರಾ?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕೇಸಲ್ಲಿ. ಆ ಹಕ್ಕು ವೈಟ್‌ಫೀಲ್ಡಿನ ಟೆಕ್ಕಿಗೆ ಮಾತ್ರವಾ? ಅಲ್ಲೇ ಕಸ ಗುಡಿಸೋ ಅಕ್ಕನಿಗೆ ಇಲ್ಲವಾ?

ಬ್ಲಾಕ್ ತೆಗೀರಿ ಅಂತ ಕೇಳೋಣ. ಅಲ್ಲಿವರೆಗೆ ಸಿಗ್ನಲ್‌ಗೆ ಬನ್ನಿ. ಸೇರೋಕೆ ನಂಬರ್ ಬೇಕು, ಆದರೆ ಗ್ರೂಪಿನವರಿಗೆ ಕಾಣದಂತೆ ಇಡಬಹುದು. ಸ್ಕ್ರೀನ್‌ಶಾಟ್ ತೆಗೆದು ಕೊಡೋನನ್ನ ಮಾತ್ರ ಯಾವ ಆ್ಯಪೂ ಪೂರ್ತಿ ತಡೆಯಲಾರದು. ಅವನನ್ನ ನಾವೇ ಗುರುತಿಸಬೇಕು.

ಜೈ ಭೀಮ್.