ನಮಗೆ ಸಾ-ಪಾ ಸಾಕೆ?

"ಅಕ್ಕೋರೆ, ಭಜನಿಗೆ ಸಾ-ಪಾ ಹಿಡಿಯೂದು ಬಂದ್ರ ಸಾಕಲ್ಲ. ಮುಂದಿಂದು ತಗೊಂಡು ಏನ್ ಮಾಡ್ತೀರಿ?"

ಐವತ್ತಮೂರನೆಯ ವಯಸ್ಸಿನಲ್ಲಿ ಪೇಟಿ ಕಲಿಯುತ್ತೇನೆಂದು ನಮ್ಮೂರಿನ ಸಂಗೀತ ಮಾಸ್ತರರೊಬ್ಬರ ಮನೆಗೆ ಹೋದಾಗ ನನಗೆ ಸಿಕ್ಕ ಮೊದಲ ಪಾಠ ಇದು. ಅವರು ಕೆಟ್ಟವರಲ್ಲ. ಚಹಾ ಕೊಟ್ಟರು. ಅವರ ಹೆಂಡತಿ ಅರಿಸಿನ ಕುಂಕುಮ ಹಚ್ಚಿ ಕಳಿಸಿದರು. ಆದರೆ ಆ ಮಾತು ಮಾತ್ರ ನನ್ನ ಹಿಂದೆಯೇ ಮನೆತನಕ ಬಂತು. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಕಲಿಸಿದವಳು ನಾನು. ಲೆಕ್ಕದಲ್ಲಿ ಹಿಂದುಳಿದ ಹುಡುಗನಿಗೆ "ನಿನಗೆ ಕೂಡಿಸೋದು ಬಂದ್ರ ಸಾಕು, ಗುಣಾಕಾರ ತಗೊಂಡು ಏನ್ ಮಾಡ್ತಿ" ಎಂದು ನಾನು ಹೇಳಿದ್ದರೆ ಅವನ ಅಪ್ಪ ಸುಮ್ಮನಿರುತ್ತಿದ್ದನೆ? ನೀವೇ ಹೇಳಿ.

ಈ ಪೇಟಿ ನಮ್ಮ ಮನೆಯದೇ. ಮಾವನವರು ಭಜನೆಗೆಂದು ಕೊಂಡದ್ದು. ಪ್ರತಿ ಶನಿವಾರ ಅತ್ತೆಯವರು ಅದನ್ನು ಮುಂದಿಟ್ಟುಕೊಂಡು ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈಯ ಎರಡು ಬೆರಳಲ್ಲಿ ಷಡ್ಜ ಪಂಚಮ ಹಿಡಿದು ಕೂಡುತ್ತಿದ್ದರು. ಹಾಡು ಮುಗಿಯುವವರೆಗೆ ಬೆರಳು ಅಲ್ಲಿಂದ ಅಲುಗುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಆರು ವರ್ಷ ಅಟ್ಟದ ಮೇಲಿತ್ತು. ಇಳಿಸಿ ಧೂಳು ಒರೆಸಿದಾಗ ನೋಡಿದೆ: ನಡುವಿನ ಎರಡು ಕರಿ ಮನೆಗಳ ಬಣ್ಣ ಪೂರಾ ಹಾರಿಹೋಗಿ ಕಟ್ಟಿಗೆ ಕಾಣುತ್ತಿತ್ತು. ಉಳಿದ ಮನೆಗಳು ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿದ್ದವು. ಮೂವತ್ತು ವರ್ಷ ಒಂದು ವಾದ್ಯದ ಮುಂದೆ ಕುಳಿತ ಹೆಂಗಸಿಗೆ ಅದರ ಎರಡೇ ಮನೆ ದಕ್ಕಿದ್ದವು. ಅಂದು ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹುಬ್ಬಳ್ಳಿಗೆ ಒಯ್ದು ರೀಡು ತೊಳೆಸಿ, ತಿದಿಯ ಬಟ್ಟೆ ಬದಲಿಸಿಕೊಂಡು ಬಂದೆ.

ಕಲಿಯುವುದಕ್ಕೆ ಪುಸ್ತಕ ಬೇಕಲ್ಲ? ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಸ್ವಯಂಬೋಧಿನಿ ಸಿಕ್ಕಿತು. ಮೊದಲ ಪುಟದಲ್ಲಿ ಮನೆಗಳ ಚಿತ್ರ, ನಾಲ್ಕನೆಯ ಪುಟಕ್ಕೆ ಸಿನಿಮಾ ಹಾಡು. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂಬುದಕ್ಕೆ ಒಂದು ಗುರುತೂ ಇಲ್ಲ. ಹಾಡು ಮೊದಲೇ ಗೊತ್ತಿದ್ದವರಿಗೆ ಅದು ಬೇಡ, ಗೊತ್ತಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ. ಆಮೇಲೆ ಭಾತಖಂಡೆಯವರ ಕ್ರಮಿಕ ಪುಸ್ತಕ ಮಾಲಿಕೆ ತರಿಸಿದೆ. ಅದು ದೊಡ್ಡ ಕೆಲಸ, ಕೈ ಮುಗಿಯುತ್ತೇನೆ. ಕೋಮಲ ಸ್ವರಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಒಂದು ಸಂಜೆಯಲ್ಲಿ ಓದುವುದಕ್ಕೆ ಬಂತು. ಆದರೆ ಅದು ಹಾಡುವವರಿಗೆ ಬರೆದದ್ದು. ಕೊರಳಿಗೆ ಬೆರಳಿನ ಚಿಂತೆಯಿಲ್ಲ, ನನಗಿತ್ತು. ಮಗ ಫೋನಿನಲ್ಲಿ ವಿಡಿಯೊ ತೋರಿಸಿದ. ಬಾರಿಸುವವರ ಎದುರಿಗೆ ಕ್ಯಾಮೆರಾ ಇಟ್ಟಿರುತ್ತಾರೆ, ಹೀಗಾಗಿ ಮನೆಗಳೆಲ್ಲ ಉಲ್ಟಾ. "ಬಹಳ ಸುಲಭ" ಎಂದು ಹೇಳಿ ಕಣ್ಣು ಮಿಟುಕಿಸುವುದರೊಳಗೆ ಆರೋಹ ಅವರೋಹ ಮುಗಿಸಿಬಿಡುತ್ತಾರೆ. ಹಾಗೆ ಪಾಠ ಮಾಡುವ ಹೊಸ ಶಿಕ್ಷಕರನ್ನು ನಾನು ಬಹಳ ಕಂಡಿದ್ದೇನೆ.

ನಿಜವಾದ ಸಂಗತಿ ತಿಳಿದದ್ದು ನನ್ನ ಕೊರಳು ಸೇರಿಸಿ ಹಾಡಲು ಹೋದಾಗ. ನಾನು ನೋಡಿದ ಪುಸ್ತಕ, ವಿಡಿಯೊಗಳಲ್ಲೆಲ್ಲ ಷಡ್ಜ ಬಿಳಿ ಒಂದರಲ್ಲಿ, ಇಲ್ಲವೆ ಕರಿ ಒಂದರಲ್ಲಿ. ಬಿಳಿ ಒಂದರಿಂದ ಹೊರಟರೆ ಶುದ್ಧ ಸ್ವರಗಳೆಲ್ಲ ಬಿಳಿ ಮನೆಯಲ್ಲೇ ಸಿಗುತ್ತವೆ, ಕಲಿಸುವವರಿಗೂ ಸುಲಭ. ಗಂಡಸರ ಕೊರಳಿಗೂ ಅದು ಸರಿಯೆ. ಆದರೆ ಸಾಮಾನ್ಯವಾಗಿ ಹೆಂಗಸರ ಕೊರಳು ಕೂಡುವುದು ಕರಿ ನಾಲ್ಕು, ಕರಿ ಐದರಲ್ಲಿ. ನನ್ನದು ಕರಿ ನಾಲ್ಕು. ಅತ್ತೆಯವರದೂ ಅದೇ. ಅಲ್ಲಿಂದ ಹೊರಟರೆ ಸಾ, ರಿ, ಮ, ಪ ಕರಿ ಮನೆ, ಗ, ಧ, ನಿ ಬಿಳಿ ಮನೆ. ಪುಸ್ತಕದಲ್ಲಿ ಕಲಿತ ಬೆರಳೆಲ್ಲ ದಾರಿ ತಪ್ಪುತ್ತವೆ. ಗಿಡ್ಡನೆಯ ಹೆಬ್ಬೆರಳನ್ನು ಕರಿ ಮನೆಯ ಮೇಲಿಟ್ಟರಂತೂ ಕೈಯೇ ತಿರುಚಿಕೊಳ್ಳುತ್ತದೆ.

ಇದನ್ನು ಅಂಗಡಿಯಲ್ಲಿ ಹೇಳಿದರೆ "ಸ್ಕೇಲ್ ಚೇಂಜರ್ ತಗೋರಿ" ಅಂದರು. ಅದರಲ್ಲಿ ಮನೆಗಳ ಸಾಲನ್ನೇ ಸರಿಸಬಹುದು, ಬೆರಳು ಬದಲಿಸಬೇಕಾಗಿಲ್ಲ. ಆದರೆ ಬೆಲೆ ಹೆಚ್ಚು, ಭಾರವೂ ಹೆಚ್ಚು. ಬಿಳಿ ಒಂದಕ್ಕೆ ಪಾಠ ಬರೆದವರು ಕರಿ ನಾಲ್ಕಕ್ಕೆ ಇನ್ನೆರಡು ಪುಟ ಬರೆದಿದ್ದರೆ ನಾನು ಹೊಸ ಪೇಟಿ ಕೊಳ್ಳಬೇಕಿತ್ತೆ?

ಎರಡು ವಾರ ರಾತ್ರಿ, ಊಟದ ಭಾಂಡೆ ತಿಕ್ಕಿದ ಮೇಲೆ, ಒಬ್ಬಳೇ ಕೂತು ಹುಡುಕಿದೆ. ಕೊನೆಗೆ ಸಿಕ್ಕಿತು. ಸಾ ತೋರುಬೆರಳು, ರಿ ನಡುಬೆರಳು, ಗ ಹೆಬ್ಬೆರಳು. ಮತ್ತೆ ಮ ತೋರುಬೆರಳು, ಪ ನಡುಬೆರಳು, ಧ ಹೆಬ್ಬೆರಳು. ನಿ ತೋರುಬೆರಳು, ಮೇಲಿನ ಸಾ ನಡುಬೆರಳು. ಹೆಬ್ಬೆರಳು ಬಿಳಿ ಮನೆಗೇ ಬೀಳುತ್ತದೆ, ಉಳಿದೆರಡು ತಾವಾಗಿಯೇ ಅದನ್ನು ದಾಟಿ ಹೋಗುತ್ತವೆ. ತಿಳಿದವರಿಗೆ ಇದು ಗೊತ್ತಿರುವುದೇ ಇರಬಹುದು. ಹಾಗಿದ್ದರೆ ನನಗೇಕೆ ಯಾರೂ ಹೇಳಲಿಲ್ಲ?

ಈ ವಾದ್ಯಕ್ಕೆ ಹೊರಗಿನ ತಾತ್ಸಾರವೂ ಕಡಿಮೆಯದಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು, ಅದು ಸಡಿಲವಾದದ್ದು 1971ರಲ್ಲಿ. ಮೀಂಡ ಬರುವುದಿಲ್ಲ, ಶ್ರುತಿ ಸೂಕ್ಷ್ಮ ಇಲ್ಲ ಎಂಬ ಆಕ್ಷೇಪ. ಅದರಲ್ಲಿ ಸತ್ಯವಿದೆ. ಆದರೂ ನಾಟಕ ಕಂಪನಿಗಳು, ಕೀರ್ತನಕಾರರು ಬಿಡಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ, ಧಾರವಾಡದ ವಸಂತ ಕನಕಾಪುರ ಅಂಥವರು ನಮ್ಮ ಕಡೆಯವರೇ. ಹಾಡುವ ಹೆಂಗಸರು ಯಾರೆಂದು ಕೇಳಿದರೆ ನಮ್ಮ ಜನ ಗಂಗೂಬಾಯಿ ಹಾನಗಲ್ಲರಿಂದ ಶುರುಮಾಡಿ ಸಾಲಾಗಿ ಹೇಳುತ್ತಾರೆ. ಪೇಟಿ ಬಾರಿಸುವ ಹೆಂಗಸು ಯಾರೆಂದು ನಾನು ಕೇಳಿದಾಗ ಮಾಸ್ತರರು ಮಾಳಿಗೆ ನೋಡಿದರು.

ಪುಸ್ತಕ ಹುಡುಕುವಾಗಲೇ ಇದರ ದಾಯಾದಿಯೊಂದರ ಕಥೆ ಓದಿದೆ. ಇಂಗ್ಲೆಂಡಿನ ಕಾನ್ಸರ್ಟಿನಾ: ಎರಡು ಕೈಗಳ ನಡುವೆ ಹಿಡಿದು ಹಿಗ್ಗಿಸಿ ಕುಗ್ಗಿಸುವ ಸಣ್ಣ ಪೆಟ್ಟಿಗೆ, ಒಳಗೆ ಇದೇ ಲೋಹದ ರೀಡು. ಅದನ್ನು ರೂಪಿಸಿ 1829ರಲ್ಲಿ ಪೇಟೆಂಟ್ ಪಡೆದವರು ಚಾರ್ಲ್ಸ್ ವೀಟ್‌ಸ್ಟೋನ್. ಭೌತಶಾಸ್ತ್ರದಲ್ಲಿ ಮಕ್ಕಳು ಓದುವ ವೀಟ್‌ಸ್ಟೋನ್ ಬ್ರಿಜ್‌ಗೆ ಹೆಸರು ಬಂದದ್ದು ಇವರಿಂದಲೇ. ಅವರ ಕಂಪನಿಯ ಮಾರಾಟದ ವಹಿಗಳು ಇಂದಿಗೂ ಇವೆ, ಅವುಗಳಲ್ಲಿ ನೂರಾರು ಹೆಂಗಸರ ಹೆಸರುಗಳಿವೆ. ಅವರಲ್ಲಿ ಅನೇಕರು ಸಿರಿವಂತರ ಮನೆಯವರು ಅನ್ನಿ, ನಮ್ಮ ನಿಮ್ಮಂಥವರಿಗೆ ಅದು ಕೈಗೆಟುಕುತ್ತಿರಲಿಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಜೂಲಿಯೊ ರೆಗಾಂಡಿ ಎಂಬವರು ಆ ಕಾಲದ ದೊಡ್ಡ ವಾದಕರು. ಅಂಥವರೇ ಕೂತು ಕಲಿಯುವವರಿಗೆ ಪಾಠದ ಪುಸ್ತಕ ಬರೆದರು, 1857ರಲ್ಲಿ ಅದು ಅಚ್ಚಾಯಿತು. ದೊಡ್ಡವರು ಮೊದಲನೇ ಇಯತ್ತೆಯ ಪುಸ್ತಕ ಬರೆಯುವುದು ಸಣ್ಣ ಕೆಲಸವೆಂದು ಅಲ್ಲಿ ಅನ್ನಿಸಲಿಲ್ಲ.

"ಗುರುವಿಲ್ಲದ ವಿದ್ಯೆ ಏನು ವಿದ್ಯೆ" ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಗುರು ಬೇಡವೆಂದು ಶಾಲೆಯ ಅಕ್ಕೋರು ಹೇಳುವುದುಂಟೆ? ಕೂತ ಭಂಗಿ, ತಿದಿಯ ಗಾಳಿ ಎಲ್ಲಿ ಕಡಿಮೆಯಾಯಿತು, ಎಲ್ಲಿ ಜಾಸ್ತಿಯಾಯಿತು, ಅದನ್ನು ಕೇಳಿ ತಿದ್ದುವುದಕ್ಕೆ ಎದುರಿಗೆ ಒಬ್ಬರು ಬೇಕೇ ಬೇಕು. ಆದರೆ ಆ ಮಾತನ್ನು ಬಾಗಿಲಿಗೆ ಅಗುಳಿ ಮಾಡಿಕೊಳ್ಳಬಾರದು. ಇನ್ನು "ಈ ವಯಸ್ಸಿಗೆ ಬೆರಳು ಬಗ್ಗೂದಿಲ್ಲ" ಅನ್ನುವವರು. ರೊಟ್ಟಿ ಬಡಿಯುವಾಗ, ಶಾವಿಗೆ ಹೊಸೆಯುವಾಗ, ಐವತ್ತು ಉತ್ತರಪತ್ರಿಕೆ ತಿದ್ದುವಾಗ ಬಗ್ಗುವ ಬೆರಳು ಪೇಟಿಯ ಮೇಲೆ ಮಾತ್ರ ಬಗ್ಗುವುದಿಲ್ಲವೊ? ಮಕ್ಕಳಿಗಿಂತ ನಿಧಾನ ನಿಜ. ಹತ್ತು ವರ್ಷದ ಹುಡುಗಿ ಒಂದು ತಿಂಗಳಲ್ಲಿ ಕಲಿತದ್ದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ನನಗೆ ಯಾವ ಪರೀಕ್ಷೆಯೂ ಇಲ್ಲವಲ್ಲ.

ನೂರು ಪುಟದ ನೋಟ್‌ಬುಕ್ಕಿನಲ್ಲಿ ಕರಿ ನಾಲ್ಕರ ಪಾಠ ಬರೆಯುತ್ತಿದ್ದೇನೆ. ಮೇಲೆ ಸ್ವರ, ಕೆಳಗೆ ಬೆರಳಿನ ಅಂಕಿ, ಹೆಬ್ಬೆರಳಿಗೆ ಒಂದು, ತೋರುಬೆರಳಿಗೆ ಎರಡು. ಮಾತ್ರೆಗೊಂದು ಚೌಕಟ್ಟು. ಮೊದಲ ಹತ್ತು ಪಾಠ ಮೂರೇ ಸ್ವರದವು, ಒಂದನೇ ಇಯತ್ತೆಯಲ್ಲಿ ಗೆರೆ ತಿದ್ದಿಸುವ ಹಾಗೆ. ಇಪ್ಪತ್ತೆರಡನೆಯ ಪಾಠಕ್ಕೆ ಭೂಪ ಬಂದಿದೆ. ಸಂಗೀತ ಮಾಸ್ತರರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಹದಿನಾಲ್ಕನೆಯ ಪಾಠದಲ್ಲಿ ಒಂದು ತಪ್ಪು ಹುಡುಕಿ, "ಇದನ್ನಷ್ಟು ತಿದ್ದರಿ" ಅಂದರು. ತಿದ್ದಿದೆ.

ಹೋದ ಶನಿವಾರ ಭಜನೆ ಮುಗಿದ ಮೇಲೆ ನಮ್ಮ ಓಣಿಯ ಕಡೇ ಮನೆಯ ವೈನಿ ಆ ನೋಟ್‌ಬುಕ್ಕು ಕೇಳಿದರು, ಝೆರಾಕ್ಸ್ ಮಾಡಿಸಿಕೊಳ್ಳುತ್ತಾರಂತೆ. ಅವರಿಗೆ ಅರವತ್ತೊಂದು. ಕೊಡುವುದಕ್ಕೆ ಹೋದಾಗ ನೆನಪಾಯಿತು, ಅವರು ಹಾಡುವುದು ಕರಿ ಐದರಲ್ಲಿ. ಅಲ್ಲಿ ಸಾ, ಮ ಎರಡೇ ಕರಿ, ಉಳಿದದ್ದೆಲ್ಲ ಬಿಳಿ. ಬೆರಳು ಪೂರಾ ಬೇರೆ. ಇನ್ನೊಂದು ನೋಟ್‌ಬುಕ್ಕು ತಂದಿಟ್ಟಿದ್ದೇನೆ.