ಸಂಪಾದಕರ ಮಾತು: ಚೊಗರು, ಕೆಸರು, ಕುಪ್ಯ

ನಮ್ಮ ಪತ್ರಿಕೆಯ ಕೋಣೆಯ ಗೋಡೆಯ ಮೇಲೆ ಎರಡು ಗೆರೆಗಳಿವೆ. ಒಂದು 2018ರ ಆಗಸ್ಟಿನದು, ಇನ್ನೊಂದು 2019ರ ಆಗಸ್ಟಿನದು. ಮೇಲಿನದು ಯಾವ ವರ್ಷದ್ದು ಎಂಬ ಬಗ್ಗೆ ನನಗೂ ನಮ್ಮ ಡಿಟಿಪಿ ಹುಡುಗನಿಗೂ ಇವತ್ತಿಗೂ ಒಮ್ಮತವಿಲ್ಲ. ಆ ಎರಡು ಮಳೆಗಾಲ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಓದುಗರಿಗೆ ಗೊತ್ತೇ ಇದೆ. ಬೀರುವಿನ ಕೆಳಗಿನ ಅರೆಯಲ್ಲಿದ್ದ ಹಳೆಯ ಸಂಚಿಕೆಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಾದವು. ಅದಕ್ಕೆ ಆಗಲೇ ಅತ್ತದ್ದಾಯಿತು. ಇವತ್ತು ಹೇಳಹೊರಟದ್ದು ಒಂದು ಸೀರೆಯ ವಿಷಯ.

ನನ್ನ ಹೆಂಡತಿಯ ಬಿಳಿ ಹತ್ತಿ ಸೀರೆ ಅದು. ಎಂದೋ ತವರಿನಲ್ಲಿ ಅಡಿಕೆ ಸುಲಿಯುವಾಗ ಉಟ್ಟಿದ್ದಳಂತೆ, ಸೆರಗಿನ ತುಂಬ ಚೊಗರಿನ ಕಲೆ. ಮಾಸಲು ಕಂದು ಬಣ್ಣ, ಅಷ್ಟೇನೂ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನೆರೆ ಇಳಿದ ಮೇಲೆ ಕೆಸರಿನಿಂದ ಎತ್ತಿ ಒಗೆದಾಗ ವಿಚಿತ್ರ ಕಂಡಿತು. ಸೀರೆಯ ಉಳಿದ ಭಾಗಕ್ಕೆ ಹತ್ತಿದ ಕೆಸರಿನ ಕೆಂಪು ನಾಲ್ಕಾರು ಒಗೆತಕ್ಕೆ ಮಂಕಾಯಿತು. ಚೊಗರು ಇದ್ದ ಕಡೆ ಮಾತ್ರ ಕರ್ರಗೆ, ಮಸಿ ಚೆಲ್ಲಿದ ಹಾಗೆ ಕೂತುಬಿಟ್ಟಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. "ನೆರೆ ನೀರಿನಲ್ಲಿ ಏನೇನಿತ್ತೋ" ಎಂದು ಅವಳು ಅದನ್ನು ಒರೆಸುಬಟ್ಟೆ ಮಾಡಿದಳು.

ನೀರಿನಲ್ಲಿದ್ದದ್ದು ಕಬ್ಬಿಣ. ಬಾಳೆಕಾಯಿ ಹೆಚ್ಚಿದ ಹಳೆಯ ಕತ್ತಿಯ ಅಲಗು ಕಪ್ಪಾಗುವುದನ್ನು ನೋಡಿದ ಯಾರಿಗೂ ಇದು ಹೊಸತಲ್ಲ. ಚೊಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಅಳಲೆಕಾಯಿಯ ಹಳೆಯ ಮಸಿಯ ಗುಟ್ಟೂ ಇದೇ.

ನ್ಯೂಜಿಲೆಂಡಿನ ಮಾವೋರಿ ಜನ ಇದನ್ನು ಬೇಕೆಂದೇ ಮಾಡುತ್ತಾರೆ. ಹರಕೆಕೆ ಎಂಬ, ನಮ್ಮ ಕತ್ತಾಳೆಯನ್ನು ನೆನಪಿಸುವ ಗಿಡದ ಉದ್ದನೆಯ ಎಲೆಯನ್ನು (ನಮ್ಮ ಹರಕೆಗೂ ಇದಕ್ಕೂ ಸಂಬಂಧವಿಲ್ಲ) ಕಪ್ಪೆಚಿಪ್ಪಿನ ಅಂಚಿನಿಂದ ಕೆರೆದು ನಾರು ತೆಗೆಯುತ್ತಾರೆ. ಆ ನಾರಿಗೆ ಮುಕಾ ಎಂದು ಹೆಸರು. ಅದನ್ನು ಕಲ್ಲಿನ ಕುಟ್ಟಣಿಗೆಯಿಂದ ಕುಟ್ಟಿ ಮೆದು ಮಾಡಿ, ಮಗ್ಗವೇ ಇಲ್ಲದೆ ಬೆರಳುಗಳಲ್ಲೇ ಎಳೆಗೆ ಎಳೆ ಹೆಣೆದು ಹೊದಿಕೆ ಮಾಡುತ್ತಾರೆ. ಕಪ್ಪು ಎಳೆ ಬೇಕಾದಾಗ ಮೊದಲು ಮರದ ತೊಗಟೆಯ ಚೊಗರಿನಲ್ಲಿ ಅದ್ದಿ, ಆಮೇಲೆ ಪಾರು ಎಂಬ ಕೆಸರಿನಲ್ಲಿ ಹೊರಳಿಸುತ್ತಾರೆ. ಎಲ್ಲ ಕೆಸರೂ ಪಾರು ಆಗುವುದಿಲ್ಲ. ಕಬ್ಬಿಣದ ಅಂಶ ಹೆಚ್ಚಿರುವ, ಬೆರಳಿಗೆ ಬೆಣ್ಣೆಯಂತೆ ಸಿಗುವ ಜೌಗಿನ ಕೆಸರೇ ಆಗಬೇಕು. ಅದು ಎಲ್ಲಿ ಸಿಗುತ್ತದೆ ಎನ್ನುವುದು ನೇಯುವವರು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ತಿಳಿವಳಿಕೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಸ್ತುಸಂಗ್ರಹಾಲಯಗಳಲ್ಲಿ ನೂರಿನ್ನೂರು ವರ್ಷ ಕಳೆದ ಹೊದಿಕೆಗಳಲ್ಲಿ ಈ ಕಪ್ಪು ಎಳೆಗಳೇ ಮೊದಲು ಪುಡಿಯಾಗಿ ಉದುರುತ್ತವೆ. ಬಣ್ಣ ಹಾಕದ ನಾರು ಗಟ್ಟಿಯಾಗಿಯೇ ಇರುತ್ತದೆ. ಕಬ್ಬಿಣವೂ ಚೊಗರೂ ಸೇರಿ ಕೊಟ್ಟ ಬಣ್ಣವೇ ಒಳಗಿಂದ ನಾರನ್ನು ತಿನ್ನುತ್ತದೆ. ಇದಕ್ಕೆ ಔಷಧ ಹುಡುಕಲು ಯಾರನ್ನು ಕರೆಯಬೇಕು? ನೇಯುವವರನ್ನೂ ಕರೆಯಬೇಕು, ಕೆಸರಿನ ಖನಿಜ ಬಲ್ಲವರನ್ನೂ, ನಾರು ಎಷ್ಟು ಎಳೆತ ತಡೆಯುತ್ತದೆಂದು ಅಳೆಯುವವರನ್ನೂ. ಅಲ್ಲಿ ಹಾಗೇ ಆಯಿತು. ರಸಾಯನಶಾಸ್ತ್ರದವರೂ ಮಾವೋರಿ ನೇಯ್ಗೆಯ ಮನೆತನದವರೂ ಒಂದೇ ಮೇಜಿನ ಮುಂದೆ ಕೂತರು.

ಈ ಸಂಚಿಕೆಯನ್ನು ಮಣ್ಣು, ನೀರು, ಉಡುಗೆ ಮೂರಕ್ಕೂ ಸೇರಿಸಿ ಮೀಸಲಿಟ್ಟದ್ದೇಕೆ ಎಂದು ಕೇಳಿದವರಿಗೆ ಆ ಒರೆಸುಬಟ್ಟೆಯೇ ಉತ್ತರ.

ನಮ್ಮಲ್ಲಿ ಇವು ಒಟ್ಟಿಗಿರಲಿಲ್ಲವೆಂದಲ್ಲ. ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ಜರ್ಮನ್ ಪಾದ್ರಿ ರಿಕ್ಟರ್ 1870ರಲ್ಲಿ ತಂದ ‘ಮ್ಯಾನುಯಲ್ ಆಫ್ ಕೂರ್ಗ್’ನಲ್ಲಿ ಬೆಟ್ಟ, ಕಲ್ಲು, ಮಳೆ, ಕೊಡವ ಗಂಡಸರ ನಿಲುವಂಗಿಯಾದ ಕುಪ್ಯ, ಚೇಲೆ ಎಲ್ಲ ಒಂದೇ ರಟ್ಟಿನೊಳಗಿವೆ. ಪಾದ್ರಿಯ ಕನ್ನಡಕದ ಬಗ್ಗೆ ತಕರಾರಿರಬಹುದು, ನನಗೂ ಇದೆ. ಆದರೆ ಕಲ್ಲನ್ನು ನೋಡಿದ ಕಣ್ಣೇ ಉಡುಪನ್ನೂ ನೋಡಿತು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಬಂದದ್ದು 1924ರಲ್ಲಿ. ಪೊಲೀಸ್ ಇಲಾಖೆಯಲ್ಲಿ ದುಡಿದವರು ಊರೂರು ತಿರುಗಿ ಹಾಡು, ಕಟ್ಟು, ಕಟ್ಟಳೆಗಳನ್ನೆಲ್ಲ ಬರೆದಿಟ್ಟರು. ಅದನ್ನು 2003ರಲ್ಲಿ ಇಂಗ್ಲಿಷಿಗೆ ತಂದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳು. ನಂಜಮ್ಮನವರ ವೃತ್ತಿ ಸಂಖ್ಯಾಶಾಸ್ತ್ರ. ಕೆನಡಾದ ಸಂಖ್ಯಾಶಾಸ್ತ್ರ ಇಲಾಖೆಯಲ್ಲಿ ಕೆಲಸ ಮಾಡಿದವರು. ಆಮೇಲೆ ಗಂಡ ಹೆಂಡತಿ ಇಬ್ಬರೂ ಕೊಡಗಿನ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳನ್ನು ಹುಡುಕಿ ಹುಡುಕಿ ದಾಖಲಿಸಿದರು. ಜಾನಪದದವರಿಗೆ ಎಣಿಕೆ ಗೊತ್ತಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಮನೆಯಂಗಳದಲ್ಲೇ ಇರುವ ಉದಾಹರಣೆ ಅದು.

ಕುಪ್ಯದ ವಿಷಯಕ್ಕೆ ಬರುತ್ತೇನೆ. ಈ ಸಂಚಿಕೆಗಾಗಿ ಸೋಮವಾರಪೇಟೆ ಕಡೆಯ ಒಂದು ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ ಅಜ್ಜ ಟ್ರಂಕು ತೆರೆದರು. ಗುಳಿಗೆಯ ವಾಸನೆಯ ಜೊತೆಗೆ ಎರಡು ಕುಪ್ಯ ಹೊರಬಂದವು, ಒಂದು ಕಪ್ಪು, ಒಂದು ಬಿಳಿ. ಕಪ್ಪಿನದು ಹಬ್ಬ ಹುಣ್ಣಿಮೆಗೆ. ಬಿಳಿಯದು ಮದುವೆಯಲ್ಲಿ ತೊಟ್ಟದ್ದು. "ಇದನ್ನು ಇನ್ನೊಂದು ಸಲ ಹಾಕುವುದಿದೆ ಮೇಷ್ಟ್ರೇ, ಆವಾಗ ಹಾಕಿಕೊಳ್ಳುವುದು ನಾನಲ್ಲ, ಬೇರೆಯವರು ಹಾಕುತ್ತಾರೆ" ಎಂದು ನಕ್ಕರು. ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ, ಅದಕ್ಕೆ ಸಿಕ್ಕಿಸುವ ಬೆಳ್ಳಿಯ ಪೀಚೆಕತ್ತಿ, ಬೆನ್ನ ಹಿಂದೆ ಒಡಿಕತ್ತಿ ನಿಲ್ಲುವ ಹಿತ್ತಾಳೆಯ ತೋಡಂಗ್ ಎಲ್ಲವನ್ನೂ ಮಂಚದ ಮೇಲೆ ಸಾಲಾಗಿ ಇಟ್ಟರು. ಕಪ್ಪು ಕುಪ್ಯದ ಮಡಿಕೆಯಲ್ಲಿ ಬಟ್ಟೆ ಸವೆದು ಬೆಳಕು ತೂರುತ್ತಿತ್ತು. ಬಿಳಿಯದಕ್ಕೆ ಏನೂ ಆಗಿರಲಿಲ್ಲ. ಮಾವೋರಿ ಹೊದಿಕೆಯ ನೆನಪಾಗಿ ಉತ್ಸಾಹದಿಂದ ಕೇಳಿದೆ, ಈ ಕಪ್ಪು ಎಲ್ಲಿಂದ ಬಂತು ಅಜ್ಜ? "ಅಂಗಡಿಯಿಂದ" ಎಂದರು. ಮಿಲ್ಲಿನ ಬಟ್ಟೆ. ಕಪ್ಪನ್ನು ಹೆಚ್ಚು ಸಲ ಹಾಕಿದ್ದರಿಂದ ಸವೆದಿದೆ, ಅಷ್ಟೇ. ಸಂಶೋಧಕನ ಉತ್ಸಾಹಕ್ಕೆ ಆಗಾಗ ಇಂಥ ತಣ್ಣೀರು ಬೀಳುವುದು ಒಳ್ಳೆಯದು.

ಆದರೂ ಅಂಗಡಿ ಬರುವ ಮುಂಚಿನ ಕಪ್ಪು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. 2024ರ ಡಿಸೆಂಬರ್ ಕೊನೆಯಲ್ಲಿ ಮೂರ್ನಾಡು ಬಳಿಯ ಕಟ್ಟೆಮಾಡಿನ ದೇವಸ್ಥಾನದಲ್ಲಿ ಕೊಡವ ಉಡುಪಿನ ವಿಚಾರಕ್ಕೆ ವಿವಾದವೆದ್ದು ಜಿಲ್ಲೆಯೇ ಕಾವೇರಿತಲ್ಲ, ಆ ದಿನಗಳ ಪತ್ರಿಕೆಗಳನ್ನು ತಿರುವಿ ಹಾಕಿದೆ. ಹಕ್ಕು, ಬೈಲಾ, ಸಭೆ, ಮೆರವಣಿಗೆ ಎಲ್ಲ ಇತ್ತು. ಉಡುಪಿನ ಬಗ್ಗೆ ಅಷ್ಟು ಮಾತು ನಡೆದ ಕಾಲದಲ್ಲಿ ಬಟ್ಟೆಯ ಬಗ್ಗೆ, ಅದನ್ನು ಯಾರು ಕತ್ತರಿಸಿದರು, ಯಾರು ಹೊಲಿದರು ಎಂಬ ಬಗ್ಗೆ, ನಾನು ತಿರುವಿದ ಪುಟಗಳಲ್ಲಿ ಒಂದು ಸಾಲೂ ಸಿಗಲಿಲ್ಲ.

ಕೊಡವ ಹೆಂಗಸರ ಸೀರೆಗೆ ಕಥೆಯಿದೆ. ಹರಿದು ಹೊರಟ ಕಾವೇರಿಯನ್ನು ಬಲಮುರಿಯಲ್ಲಿ ಜನ ಅಡ್ಡಗಟ್ಟಿ ನಿಂತರಂತೆ. ಅವಳು ನಿಲ್ಲಲಿಲ್ಲ. ಸೆಳೆತಕ್ಕೆ ಹೆಂಗಸರ ಮುಂದಿನ ನೆರಿಗೆಗಳು ಹಿಂದಕ್ಕೆ ಹೋದವು, ಅಂದಿನಿಂದ ಹಾಗೇ ಉಡುತ್ತಾರೆ. ಬೆಟ್ಟ ಹತ್ತಿ ಗದ್ದೆಗೆ ಇಳಿಯುವವರಿಗೆ ಕಾಲಿಗೆ ತೊಡರದ ನೆರಿಗೆಯೇ ಅನುಕೂಲ ಎಂದು ಇನ್ನೊಂದು ವಿವರಣೆಯೂ ಇದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಒಪ್ಪುವುದಿಲ್ಲ. ನದಿಗೆ ಅಡ್ಡ ನಿಂತರೆ ಮೈಮೇಲಿನ ಬಟ್ಟೆಯೂ ಮಾತು ಕೇಳುವುದಿಲ್ಲ ಎಂಬುದನ್ನು ಎಂಜಿನಿಯರಿಂಗ್ ಕಾಲೇಜಿನ ಜಲಶಾಸ್ತ್ರದ ತರಗತಿಗಿಂತ ಮೊದಲೇ ಹೇಳಿದ ಕಥೆ ಅದು. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ. ಅದಕ್ಕಿಂತ ಮೇಲೆ 1982ರಲ್ಲಿ ಮುಗಿದ ಜಲಾಶಯದಲ್ಲಿ ಎಂಟೂವರೆ ಟಿಎಂಸಿ ನೀರು ನಿಲ್ಲುತ್ತದೆ. ಗೇಟು ಎಷ್ಟು ಎತ್ತಿದರು ಎನ್ನುವುದು ಮಳೆಗಾಲದಲ್ಲಿ ನಮ್ಮೂರ ಮುಖ್ಯ ಸುದ್ದಿ.

ಇನ್ನು ಮಣ್ಣು. ಮಡಿಕೇರಿ ಸುತ್ತಿನ ಬಂಡೆಯೊಳಗಿನ ಜಿರ್ಕಾನ್ ಹರಳುಗಳನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು ಅವುಗಳ ವಯಸ್ಸು 300 ಕೋಟಿ ವರ್ಷ ಮೀರಿದೆ ಎನ್ನುತ್ತಾರೆ. ಕೊಡಗು ಒಂದು ಕಾಲಕ್ಕೆ ಬೇರೆಯೇ ಪುಟ್ಟ ಭೂಖಂಡವಾಗಿತ್ತು, ಆಮೇಲೆ ಧಾರವಾಡದ ಹಳೆಯ ನೆಲಗಟ್ಟಿಗೆ ಬಂದು ಸೇರಿತು ಎಂದು ಕೆಲವರ ವಾದ. ಸೇರಿದ ಜಾಗವನ್ನು ಅವರೂ ‘ಹೊಲಿಗೆ’ ಎಂದೇ ಕರೆಯುತ್ತಾರೆ. (ಪ್ರತ್ಯೇಕ ಕೊಡಗು ಕೇಳುವವರು ಇದನ್ನು ಮನವಿಗೆ ಲಗತ್ತಿಸಬಾರದಾಗಿ ವಿನಂತಿ.) ಆ ಬಂಡೆ ಕೋಟ್ಯಂತರ ಮಳೆಗಾಲದಲ್ಲಿ ಕೊಳೆತು ಕೆಂಪು ಮಣ್ಣಾಗಿದೆ. ಕೆಂಪು ಕೊಟ್ಟದ್ದು ಮತ್ತೆ ಅದೇ ಕಬ್ಬಿಣ, ನಮ್ಮ ಸೀರೆಯ ಕಬ್ಬಿಣ. ಇಂಥ ಕೆಂಪಿನ ಅಡಿಯಲ್ಲಿ ಕೆಲವೆಡೆ ಬಿಳಿಚಿದ, ಒದ್ದೆಯಾದರೆ ಸಾಬೂನಿನಂತೆ ಜಾರುವ ಮಣ್ಣು ಸಿಗುತ್ತದೆ. ಘಟ್ಟದ ಕೆಳಗೆ ಅದು ಶೇಡಿ ಮಣ್ಣು. ಈ ಪದವನ್ನು ಎಂಜಿನಿಯರುಗಳೂ ತಮ್ಮ ಇಂಗ್ಲಿಷ್ ಲೇಖನಗಳಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಊರಿನವರ ಮಾತು ಪ್ರಯೋಗಾಲಯದ ಬಾಗಿಲು ದಾಟಿದ ಅಪರೂಪದ ನಿದರ್ಶನ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಹಟ್ಟಿಹೊಳೆ, ಹೆಬ್ಬೆಟ್ಟಗೇರಿ ಕಡೆಯೆಲ್ಲ ಗುಡ್ಡದ ಬರೆ ಕುಸಿದಾಗ ಜನ ‘ಜಲಸ್ಫೋಟ’ ಎಂದರು. ಜುಲೈಯಲ್ಲಿ ಭೂಮಿ ಸಣ್ಣಗೆ ನಡುಗಿದ್ದನ್ನೂ ಸೇರಿಸಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಅತಿ ಮಳೆಯ ಜೊತೆಗೆ ರಸ್ತೆಗೂ ಮನೆಗೂ ಬರೆಯನ್ನು ನೆಟ್ಟಗೆ ಕಡಿದದ್ದು, ನೀರು ಹೋಗುವ ದಾರಿ ಮುಚ್ಚಿದ್ದು ಕಾರಣ ಎಂದರು. ಎರಡೂ ಒಂದಕ್ಕೊಂದು ವಿರುದ್ಧ ಎಂಬಂತೆ ಆಗ ಜಗಳ ನಡೆಯಿತು. ಮಣ್ಣಿನ ಕಣಗಳ ನಡುವೆ ತುಂಬಿದ ನೀರಿಗೆ ದಾರಿ ಸಿಗದೆ ಒತ್ತಡ ಏರಿದರೆ ಬರೆ ಹೊಟ್ಟೆ ಬಿಟ್ಟು ಒಮ್ಮೆಲೇ ಬರುತ್ತದೆ. ಅದನ್ನು ಕಣ್ಣಾರೆ ಕಂಡವನು ಸ್ಫೋಟ ಎನ್ನದೆ ಇನ್ನೇನೆಂದಾನು? ಸರ್ವೇಕ್ಷಣೆಯವರು ಹೇಳಿದ್ದು ಕಾರಣ, ಊರಿನವರು ಹೇಳಿದ್ದು ಕಂಡದ್ದು. ಇಬ್ಬರನ್ನೂ ಒಂದು ಜಗಲಿಯಲ್ಲಿ ಕೂರಿಸುವವರು ಇರಲಿಲ್ಲ.

ನೀರಿಗೆ ದಾರಿ ಬಿಡಬೇಕು ಎನ್ನುವ ಸಂಗತಿ ಗೊರಬು ಹೆಣೆಯುವವರಿಗೆ ಗೊತ್ತು. ಬಿದಿರಿನ ಚೌಕಟ್ಟಿಗೆ ಎಲೆಯ ಮೇಲೆ ಎಲೆ, ಮೇಲಿನದರ ತುದಿ ಕೆಳಗಿನದರ ಬೆನ್ನಿನ ಮೇಲೆ ಬರಬೇಕು. ನೀರು ಒಳಗೆ ನಿಲ್ಲಬಾರದು, ತುದಿಯಿಂದ ತುದಿಗೆ ಇಳಿದುಹೋಗಬೇಕು. ನಾಟಿ ಮಾಡುವವರು ಅದನ್ನು ಬೆನ್ನಿಗೆ ಹಾಕಿಕೊಂಡು ದಿನವಿಡೀ ಬಗ್ಗಿರುತ್ತಿದ್ದರು. ಮಾವೋರಿಗಳ ಮಳೆಹೊದಿಕೆಯೂ ಹಾಗೆಯೇ. ಒರಟು ಎಲೆಪಟ್ಟಿಗಳನ್ನು ಸಾಲು ಸಾಲಾಗಿ ಜೋತುಬಿಟ್ಟು, ಹುಲ್ಲಿನ ಸೂರನ್ನೇ ಮೈಮೇಲೆ ಹೊದ್ದಂತೆ. ಈಗ ನಮ್ಮ ಗದ್ದೆಯಲ್ಲಿ ಪ್ಲಾಸ್ಟಿಕ್ ಹಾಳೆ ಬಂದಿದೆ, ಅಗ್ಗ, ಹಗುರ. ಅದನ್ನು ದೂರುವಷ್ಟು ಹೊತ್ತು ನಾನು ಮಳೆಯಲ್ಲಿ ಬಗ್ಗಿ ನಿಂತವನಲ್ಲ.

ಹೊಳೆಯಾಚೆ ಬೈಲುಕುಪ್ಪೆಯನ್ನು ಬಿಟ್ಟು ನಮ್ಮೂರ ಉಡುಪಿನ ಮಾತು ಮುಗಿಯುವುದಿಲ್ಲ. 1961ರ ಹೊತ್ತಿಗೆ ಬಂದು ನೆಲೆಸಿದ ಟಿಬೆಟನ್ನರು ಹಿಮದ ನಾಡಿನ ನಿಲುವಂಗಿ ಛೂಪಾವನ್ನು ಇಲ್ಲಿ ತೆಳು ಬಟ್ಟೆಯಲ್ಲಿ ಹೊಲಿಸಿಕೊಂಡರು. ಮದುವೆಯಾದ ಹೆಂಗಸರು ಸೊಂಟದ ಮುಂದೆ ಕಟ್ಟುವ ಪಟ್ಟೆಪಟ್ಟೆ ಪಂಗ್ದೆನ್ ಮಾತ್ರ ಬದಲಾಗಲಿಲ್ಲ. ಮಾವೋರಿಗಳ ಹಿರಿಯರೂ ಬೆಚ್ಚಗಿನ ದ್ವೀಪಗಳಿಂದ ತೊಗಟೆ ಬಟ್ಟೆಯ ಗಿಡ ತಂದಿದ್ದರು. ಹೊಸ ನೆಲದ ಚಳಿಗೆ ಅದು ಸರಿಯಾಗಿ ಬೆಳೆಯಲಿಲ್ಲ, ಹರಕೆಕೆ ಕೈಹಿಡಿಯಿತು. ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಒಂದು ಪಿಎಚ್‌ಡಿಗೆ ಆಗುವಷ್ಟು ಪ್ರಶ್ನೆ ಸಿಗುತ್ತವೆ.

ಆ ಪಿಎಚ್‌ಡಿ ಎಲ್ಲಿ ಮಾಡುವುದು ಎನ್ನುವುದು ಬೇರೆ ಚಿಂತೆ. ಚಿಕ್ಕ ಅಳುವಾರದ ಸ್ನಾತಕೋತ್ತರ ಕೇಂದ್ರ ಕೊಡಗು ವಿಶ್ವವಿದ್ಯಾಲಯವಾಗಿ ಎರಡು ವರ್ಷ ತುಂಬುವ ಹೊತ್ತಿಗೆ, 2025ರ ಆರಂಭದಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದು ಸಂಪುಟ ಉಪಸಮಿತಿ ಹೇಳಿತು. ಪಟ್ಟಿಯಲ್ಲಿ ನಮ್ಮದೂ ಇತ್ತು. ಲೆಕ್ಕಪತ್ರ ನೋಡಿದರೆ ಅವರ ಮಾತಿನಲ್ಲಿ ಹುರುಳಿರಬಹುದು. ಆದರೆ ಚಿಕ್ಕ ಅಳುವಾರದಲ್ಲಿ ಸಮಾಜವನ್ನು ಓದುವವರು, ಮಾದಾಪಟ್ಟಣದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವವರು, ಪೊನ್ನಂಪೇಟೆಯಲ್ಲಿ ಕಾಡನ್ನು ಓದುವವರು ಒಂದೇ ಜಿಲ್ಲೆಯ ಒಂದೇ ಮಳೆಯಲ್ಲಿ ನೆನೆಯುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವಂತೆ ಮಾಡಲು ಕಟ್ಟಡವೇನೂ ಬೇಕಿಲ್ಲ. ಬರೆದದ್ದು ಕನ್ನಡದಲ್ಲಿದ್ದರೆ ಅರ್ಧ ಕೆಲಸ ಆದಂತೆ. ಈ ಸಂಚಿಕೆಗೆ ಬರೆದ ಎಂಜಿನಿಯರ್ ಗೆಳೆಯರೊಬ್ಬರಿಗೆ ತಮ್ಮ ಪ್ರಬಂಧದ ಒಂದು ಪುಟ ಕನ್ನಡಿಸಲು ಮೂರು ವಾರ ಬೇಕಾಯಿತು. ಕೊನೆಗೆ ತಮ್ಮ ಅಮ್ಮನಿಗೆ ಫೋನು ಮಾಡಿ ‘ಒಸರು’ ಎಂಬ ಪದ ತಂದರು. ಇಂಗ್ಲಿಷಿನಲ್ಲಿ ಎರಡು ಸಾಲು ಬೇಕಾಗಿದ್ದ ಜಾಗದಲ್ಲಿ ಈಗ ಆ ಪದ ಒಂದೇ ಇದೆ.

ಮುಂದಿನ ಸಂಚಿಕೆಗೆ ಓದುಗರಿಂದ ಒಂದು ಸಹಾಯ ಬೇಕು. ನಿಮ್ಮ ತೋಟ, ಗದ್ದೆ, ಬರೆಯ ಮಣ್ಣನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತಾರೆ, ಕೊಡವ ತಕ್ಕ್, ಅರೆಭಾಷೆ, ಎರವ, ಕುರುಬ ಮಾತು ಯಾವುದಾದರೂ ಸರಿ, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಬಟ್ಟೆಗೆ ತಾಗಿದರೆ ಕಲೆ ಹೋಗುತ್ತದೋ ಇಲ್ಲವೋ ಎಂಬುದನ್ನೂ ಬರೆಯಿರಿ. ಮಣ್ಣನ್ನು ಮಾತ್ರ ಕಳಿಸಬೇಡಿ. ಹೋದ ಸಲ ಒಬ್ಬರು ಲಕೋಟೆಯಲ್ಲಿ ಹಾಕಿ ಕಳಿಸಿ, ಅದು ದಾರಿಯಲ್ಲಿ ಒಡೆದು, ಅಂಚೆಯಣ್ಣನ ಚೀಲದಲ್ಲಿದ್ದ ಮೂರು ಮದುವೆ ಕಾಗದಗಳು ಕೆಂಪಾಗಿ ಊರು ಸೇರಿದವು.